ಧ್ವನಿ ಎಲ್ಲಿಗೆ ಹೋಯಿತು?

ಸೆಪ್ಟೆಂಬರ್ 2, ಸೋಮವಾರ

ಇಪ್ಪತ್ತೆಂಟು ದಿನ! ಬೆರಳು ಮಡಿಸಿ ಎಣಿಸಿದರೂ ಅಷ್ಟೇ, ಕಣ್ಣು ಮುಚ್ಚಿ ಎಣಿಸಿದರೂ ಅಷ್ಟೇ. ಈ ತಿಂಗಳ ಮೂವತ್ತಕ್ಕೆ ನನ್ನ ಪಿಎಚ್‌ಡಿ ನೋಂದಣಿ ಮುಗಿಯುತ್ತೆ. ಅಷ್ಟರೊಳಗೆ ಅರವತ್ತು ಮಕ್ಕಳಿಗೆ ತಲಾ ಹತ್ತು ಪ್ರಶ್ನೆ ಕೇಳಿ ಮುಗಿಸಬೇಕು. ಇಪ್ಪತ್ತೇಳಕ್ಕೆ ನನ್ನ ಗೈಡ್ ಮೇಡಂ ಎದುರು ಸೆಮಿನಾರ್. ಅವರು ಸಹಿ ಹಾಕಿದರೆ ಇನ್ನಾರು ತಿಂಗಳು ಸಿಗುತ್ತೆ. ಹಾಕದಿದ್ದರೆ ಆರು ವರ್ಷದ ದುಡಿಮೆ ನೀರಲ್ಲಿ ಹೋಮ. ನಿಜವಾಗಿಯೂ ನೀರಲ್ಲೇ! ನನ್ನ ಸಂಶೋಧನೆಯ ಸಾಮಾನು ಅಂದರೆ ಒಂದು ನೀಲಿ ಪ್ಲಾಸ್ಟಿಕ್ ಟಬ್ಬು, ಅದರ ತುಂಬ ನೀರು, ಮುಳುಗೋಕೋ ತೇಲೋಕೋ ಹತ್ತು ವಸ್ತು.

ಐದು ವರ್ಷದ ಮಕ್ಕಳು ವಿಜ್ಞಾನ ಹೇಗೆ ಕಲಿಯುತ್ತಾರೆ ಅನ್ನೋದು ವಿಷಯ. ಮೇಡಂ ಅವರ ಸಿದ್ಧಾಂತದ ಪ್ರಕಾರ, ಕಲಿಯೋದಿಲ್ಲ. ಆ ವಯಸ್ಸಿನ ಮಗು ತನ್ನ ಊಹೆಯನ್ನು ಹಿಡಿದರೆ ಹಿಡಿದೇ ಹಿಡಿಯಿತು. ಕಣ್ಣೆದುರೇ ಅದು ಸುಳ್ಳಾದರೂ ಬಿಡೋದಿಲ್ಲ. ಹದಿನೆಂಟು ವರ್ಷದಿಂದ ಈ ಸಿದ್ಧಾಂತ ಗಟ್ಟಿಯಾಗಿ ನಿಂತಿದೆ. ಅದಕ್ಕೆ ಇನ್ನೊಂದು ಕಂಬ ಕೊಡೋದು ನನ್ನ ಪಾಲಿನ ಕೆಲಸ.

ಇವತ್ತು ಶಿಶುವಿಹಾರಕ್ಕೆ ಟಬ್ಬು ಹೊತ್ತುಕೊಂಡು ಹೋದೆ. ಅಲ್ಲಿನ ಟೀಚರ್ ತುರುಬಿಗೆ ಎರಡು ಪೆನ್ಸಿಲ್ ಸಿಕ್ಕಿಸಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒದ್ದೆಯಾದ ಬಟ್ಟೆ ಯಾರು ಬದಲಿಸ್ತಾರೆ?" ಅಂತ ಒಂದೇ ಪ್ರಶ್ನೆ ಕೇಳಿದರು. ಅದು ನನ್ನ ಪ್ರಶ್ನಾವಳಿಯಲ್ಲಿ ಇರಲಿಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ಹೊಲಿಗೆ ಮಿಷನ್ ನಿಲ್ಲಿಸಿ, "ಪುಟ್ಟೀ, ನಾನು… ಬ… ಬ… ಬಟನ್…" ಅಂದ. "ಬಟನ್ ಮುಗೀತಾ? ನಾಳೆ ತರ್ತೀನಿ ಬಿಡು!" ಅಂದೆ. ಅಪ್ಪನಿಗೆ ಹುಟ್ಟಿದಾಗಿನಿಂದ ಉಗ್ಗು. ನಾನು ಮಾತು ಕಲಿತಾಗಿನಿಂದ ಅಪ್ಪನ ಮಾತನ್ನು ಮುಗಿಸಿಕೊಡೋದು ನಾನೇ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಗಿರಾಕಿಗಳ ಹತ್ತಿರ, ಎಲ್ಲೆಲ್ಲೂ. ಅಪ್ಪ ಮೊದಲಕ್ಷರ ಹಿಡಿದರೆ ಸಾಕು, ಉಳಿದದ್ದು ನನ್ನ ನಾಲಿಗೆ ತುದಿಯಲ್ಲಿರುತ್ತೆ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಅನ್ನೋ ಗಾದೆ ನನಗೇ ಹೇಳಿದ್ದು.

ಸೆಪ್ಟೆಂಬರ್ 3, ಮಂಗಳವಾರ

ಒಂದೇ ದಿನ ಹನ್ನೊಂದು ಮಕ್ಕಳು! ರೈಲು ಓಡಿದ ಹಾಗೆ ಓಡಿಸಿದೆ. "ಇದು ಮುಳುಗುತ್ತಾ, ತೇಲುತ್ತಾ? ಯಾಕೆ? ಸರಿ, ಈಗ ಹಾಕು. ಏನಾಯ್ತು? ಯಾಕೆ? ಸರಿ, ಮುಂದಿಂದು." ನನ್ನ ಹಾಳೆಯಲ್ಲಿ ಮೂರೇ ಕಾಲಂ: ಸರಿ, ತಪ್ಪು, ಉತ್ತರವಿಲ್ಲ. ಕ್ಯಾಮೆರಾ ಮೂಲೆಯ ಸ್ಟ್ಯಾಂಡಿನ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿರುತ್ತೆ.

ಹದಿನಾಲ್ಕನೇ ನಂಬರು ದೊಡ್ಡ ತಲೆನೋವು. ಮೇಣದಬತ್ತಿ ತೇಲಿದ್ದಕ್ಕೆ ಕಾರಣ ಕೇಳಿದರೆ, "ಅದಕ್ಕೆ ಈಜು ಬರುತ್ತೆ. ನಂಗೂ ಬರುತ್ತೆ. ನಮ್ಮ ಮಾವಂಗೆ ಬರಲ್ಲ," ಅಂತ ಶುರು ಮಾಡಿ ಮಾವನ ಇಡೀ ಚರಿತ್ರೆ ಹೇಳಿದಳು. ತಪ್ಪು.

ಎಲ್ಲರಿಗೂ ಬಟನ್ ತರೋ ನೆನಪಿರುತ್ತಾ? ನನಗಿತ್ತು. ಬಿಳಿಯದು ನಾಲ್ಕು ಡಜನ್.

ಸೆಪ್ಟೆಂಬರ್ 6, ಶುಕ್ರವಾರ

ಮೂವತ್ತೇಳು ಮುಗಿಯಿತು, ಇಪ್ಪತ್ಮೂರು ಉಳಿಯಿತು. ಮೂವತ್ತೊಂದನೇ ನಂಬರಿನ ಹುಡುಗಿ ಒಂದು ಪ್ರಶ್ನೆಗೂ ಬಾಯಿ ಬಿಡಲಿಲ್ಲ. ಹತ್ತಕ್ಕೆ ಹತ್ತೂ 'ಉತ್ತರವಿಲ್ಲ'. ಟೀಚರ್, "ಅವಳು ಹಾಗೇ, ಸ್ವಲ್ಪ ನಿಧಾನ," ಅಂದರು. ಪಾಪ ಅನ್ನಿಸಿತು. ಕಾಲಂ ತುಂಬಿಸಿದೆ.

ಗಂಟಲು ಕೆರೆತ. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಯಿಗೆ ಬೀಗವಿಲ್ಲದಿದ್ದರೆ ಇನ್ನೇನು?

ಅಪ್ಪ ಮತ್ತೆ "ಬಟನ್…" ಅಂದ. ಬಿಳಿಯದಲ್ಲ ಅಂತ ಕಾಣುತ್ತೆ. ಕಪ್ಪು ತಂದುಕೊಟ್ಟೆ. ಅಪ್ಪ ಪೊಟ್ಟಣ ನೋಡಿದ, ನನ್ನನ್ನು ನೋಡಿದ, ನಿಟ್ಟುಸಿರು ಬಿಟ್ಟ. ಮೂರು ತಿಂಗಳಿಂದ ಇದೇ ಕಥೆ. ಮನೆಯ ಡಬ್ಬಗಳಲ್ಲಿ ಇರೋ ಬಟನ್ನಿನಲ್ಲಿ ಒಂದು ಸೈನ್ಯಕ್ಕೆ ಅಂಗಿ ಹೊಲಿಯಬಹುದು.

ಸೆಪ್ಟೆಂಬರ್ 9, ಸೋಮವಾರ

ಹೋಯಿತು! ಬೆಳಿಗ್ಗೆ ಎದ್ದು "ಅಪ್ಪಾ" ಅಂದರೆ ತುಕ್ಕು ಹಿಡಿದ ಗೇಟು ತೆಗೆದ ಸದ್ದು. ಮಧ್ಯಾಹ್ನಕ್ಕೆ ಅದೂ ಇಲ್ಲ.

ಗಂಟಲು ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿ, ಯಾರದೋ ಮನೆಯ ಒಡೆದ ಹಂಚು ಕಂಡವರ ಹಾಗೆ ತ್ಚು ತ್ಚು ಅಂದರು. "ಧ್ವನಿತಂತು ಊದಿಕೊಂಡಿದೆ. ಹತ್ತು ದಿನ ಒಂದೇ ಒಂದು ಮಾತೂ ಆಡಬಾರದು. ಪಿಸುಮಾತೂ ಇಲ್ಲ. ಆಡಿದರೆ ಹತ್ತು ದಿನ ಹೋಗಿ ಹತ್ತು ವಾರ ಆಗುತ್ತೆ. ಕೇಳಿಸ್ತಾ?"

ಕೇಳಿಸಿತು ಡಾಕ್ಟರೇ! ನಾನು ಮೂಕಿ, ಕಿವುಡಿ ಅಲ್ಲ!

ಇಪ್ಪತ್ಮೂರು ಮಕ್ಕಳು ಬಾಕಿ. ಪ್ರಶ್ನೆಗಳನ್ನು ನಾನೇ, ಒಂದೇ ಧಾಟಿಯಲ್ಲಿ, ಅಕ್ಷರ ಬದಲಿಸದೆ ಕೇಳಬೇಕು ಅನ್ನೋದು ನಿಯಮ. ಬೇರೆಯವರು ಕೇಳಿದರೆ ಲೆಕ್ಕಕ್ಕಿಲ್ಲ. ಮನೆಗೆ ಬಂದು ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅಂದರೆ ಅದರಲ್ಲೂ ಕಿರುಚೋ ಹಾಗಿಲ್ಲ. ದಿಂಬಿಗೆ ಗುದ್ದಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿ, ಒಂದು ಸ್ಲೇಟು, ಬಳಪ ತಂದುಕೊಟ್ಟ.

ಸೆಪ್ಟೆಂಬರ್ 10, ಮಂಗಳವಾರ

ಇವತ್ತಿನದನ್ನು ಹೇಗೆ ಬರೆಯಲಿ?

ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತೆ ಅಂತ ಶಿಶುವಿಹಾರಕ್ಕೇ ಹೋದೆ. ಕ್ಯಾಮೆರಾ ಹಚ್ಚಿ ಮೂಲೆಯ ಪುಟಾಣಿ ಕುರ್ಚಿಯಲ್ಲಿ ಮಂಡಿ ಮುಖಕ್ಕೆ ತಾಗೋ ಹಾಗೆ ಕೂತೆ. ಟೀಚರ್ ಮಕ್ಕಳಿಗೆ, "ಇವತ್ತು ಅಕ್ಕನ್ನ ಮಾತಾಡಿಸಬೇಡಿ. ಅಕ್ಕನ ಧ್ವನಿ ಹೋಗಿದೆ," ಅಂದರು.

ಹದಿನಾಲ್ಕು ಎದ್ದು ನಿಂತಳು. "ಎಲ್ಲಿಗೆ ಹೋಗಿದೆ?"

ಅಷ್ಟೇ. ಒಂದು ಪ್ರಶ್ನೆ. ಇಡೀ ಕೋಣೆ ಹೊತ್ತಿಕೊಂಡಿತು.

"ನೀರಿಗೆ ಬಿದ್ದಿರುತ್ತೆ, ಟಬ್ಬಲ್ಲಿ ನೋಡೋಣ." "ಇಲ್ಲ, ನುಂಗಿಬಿಟ್ಟಿದಾರೆ, ಹೊಟ್ಟೇಲಿದೆ." ಕೈ ಬೆನ್ನಿಗೆ ಕಟ್ಟಿಕೊಂಡು ಓಡಾಡೋ ಒಂದು ಹುಡುಗ ಇದ್ದಾನೆ, ನಾನು ಮನಸ್ಸಲ್ಲೇ ಅಜ್ಜ ಅಂತ ಕರೀತೀನಿ. ಅವನು ಯೋಚಿಸಿ, "ಖಾಲಿಯಾಗಿದೆ. ಅಷ್ಟೊಂದು ಮಾತಾಡಿದ್ರಲ್ಲ," ಅಂದ. ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು.

ಹದಿನಾಲ್ಕು (ಇವಳಿಗೆ ನಂಬರು ಒಪ್ಪೋದಿಲ್ಲ, ಪಟಾಕಿ ಅಂತಲೇ ಬರೀತೀನಿ) ಬಣ್ಣದ ಕಾಗದ ಸುತ್ತಿ ಬಂದ ರಟ್ಟಿನ ಕೊಳವೆ ತಂದು ನನ್ನ ಹೊಟ್ಟೆಗೆ ಇಟ್ಟು ಕಿವಿ ಹಚ್ಚಿದಳು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ಹೊಟ್ಟೆ ಗುರ್ರ್ ಅಂತು. "ಇದೆ! ಇದೆ! ಒಳಗೇ ಇದೆ! ಬೈತಾ ಇದೆ!" ಅಂತ ಕುಣಿದಳು. ಎಲ್ಲರೂ ಸಾಲುಗಟ್ಟಿ ನನ್ನ ಹೊಟ್ಟೆ ಕೇಳಿದರು. ಒಮ್ಮತದ ತೀರ್ಮಾನ: ಧ್ವನಿ ಹೊಟ್ಟೆಯಲ್ಲಿದೆ. ನನಗೆ ಮೇಡಂ ನೆನಪಾದರು. ಇನ್ನು ಬ್ರಹ್ಮ ಬಂದರೂ ಈ ಊಹೆ ಬಿಡೋದಿಲ್ಲ ಇವರು, ಅಂದುಕೊಂಡೆ.

ಆಗ ಹಿಂದಿನಿಂದ ಒಂದು ಸಣ್ಣ ದನಿ. "ಎಲ್ಲರ ಹೊಟ್ಟೇನೂ ಕೇಳಬೇಕು."

ಮೂವತ್ತೊಂದು! ಹತ್ತಕ್ಕೆ ಹತ್ತು ಉತ್ತರವಿಲ್ಲ! ಅವಳು!

"ಯಾಕೆ?" ಅಂದಳು ಪಟಾಕಿ.

ಆ ಮಗು ನೆಲ ನೋಡಿತು, ಫ್ಯಾನ್ ನೋಡಿತು. ನನಗೆ ಹೇಳಿಕೊಡೋಕೆ ಬಾಯಿಯಿರಲಿಲ್ಲ. ಬಹಳ ಹೊತ್ತಾದ ಮೇಲೆ ಹೇಳಿತು: "ನಮ್ಮ ಹೊಟ್ಟೇನೂ ಗುರ್ ಅಂದರೆ? ನಮಗೆ ಧ್ವನಿ ಇದೆಯಲ್ಲ."

ಕೇಳಿದರು. ಆ ಕೋಣೆಯ ಹತ್ತೊಂಬತ್ತು ಹೊಟ್ಟೆ, ಜೊತೆಗೆ ಟೀಚರದ್ದು. ಎಲ್ಲವೂ ಗುರ್. ಪಟಾಕಿ ಕೊಳವೆ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟು, "ಹಂಗಾದ್ರೆ ಹೊಟ್ಟೇದು ಧ್ವನಿ ಅಲ್ಲ. ಅದು ಹಸಿವು. ನಂದು ತಪ್ಪು," ಅಂದಳು. ಸಲೀಸಾಗಿ! ಚಪ್ಪಲಿ ಬಿಟ್ಟ ಹಾಗೆ ಬಿಟ್ಟಳು ತನ್ನ ಸಿದ್ಧಾಂತವನ್ನು!

ಕಾಯಿಲೆಯವರನ್ನೂ ಗಟ್ಟಿಯಿರುವವರನ್ನೂ ಹೋಲಿಸಿ ನೋಡಬೇಕು ಅಂತ ನಾವು ಎಂ.ಎ. ತರಗತಿಯಲ್ಲಿ ಒಂದು ಇಡೀ ಅವಧಿ ಪಾಠ ಮಾಡ್ತೀವಿ. ನಾನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ. ಕೂಗೋ ಹಾಗಿಲ್ಲವಲ್ಲ, ಕಾಲು ಬಡಿದೆ. ಮಕ್ಕಳು ಅದನ್ನು ಕಾಯಿಲೆ ಅಂದುಕೊಂಡರು.

ಸೆಪ್ಟೆಂಬರ್ 11, ಬುಧವಾರ

ಇವತ್ತು ಅಜ್ಜ ಕಂಡುಹಿಡಿದ. ಪದ್ಯ ಹೇಳುವಾಗ ಕತ್ತು ಕೆರೆದುಕೊಳ್ಳೋಕೆ ಹೋಗಿ ಕೈ ಅಲ್ಲೇ ನಿಲ್ಲಿಸಿದ. "ನಂದು ಅಲ್ಲಾಡ್ತಿದೆ." ಹತ್ತೊಂಬತ್ತು ಜನ ಹತ್ತೊಂಬತ್ತು ಕತ್ತು ಹಿಡಿದುಕೊಂಡು "ಆಆಆ" ಅಂದರು. "ಜುಮ್ ಅಂತಿದೆ!" "ಇರುವೆ ಓಡಾಡ್ತಿವೆ!" ಆಮೇಲೆ ಒಬ್ಬೊಬ್ಬರಾಗಿ ನನ್ನ ಕತ್ತು ಮುಟ್ಟಿದರು. ತಣ್ಣಗಿನ, ಒದ್ದೆ, ಜೇಡಿಮಣ್ಣು ಮೆತ್ತಿದ ಬೆರಳುಗಳು. ನನ್ನದು ಸುಮ್ಮನಿತ್ತು.

ಮೂವತ್ತೊಂದು ಎಲ್ಲರಿಗಿಂತ ಹೆಚ್ಚು ಹೊತ್ತು ಬೆರಳಿಟ್ಟುಕೊಂಡಿತ್ತು. ಇವಳಿಗೆ ಜಡ್ಜಮ್ಮ ಅಂತ ಹೆಸರಿಟ್ಟಿದ್ದೀನಿ. ತೀರ್ಪು ನಿಧಾನ, ಆದರೆ ಅಪೀಲಿಗೆ ಅವಕಾಶವಿಲ್ಲ.

ಸೆಪ್ಟೆಂಬರ್ 12, ಗುರುವಾರ

ಮೇಡಂ ಕರೆಸಿದರು. ಸ್ಲೇಟು ಹಿಡಿದು ಅವರ ಕೋಣೆಯಲ್ಲಿ ನಿಂತೆ, ಒಂದನೇ ಕ್ಲಾಸಿನ ಹುಡುಗಿಯ ಹಾಗೆ.

"ಪ್ರಶ್ನಾವಳಿ ಇಲ್ಲದೆ ನೀವು ತೆಗೆದಿರೋದು ಡೇಟಾ ಅಲ್ಲ, ಮಕ್ಕಳ ಆಟದ ವಿಡಿಯೋ. ಹತ್ತು ದಿನ ದಂಡ ಮಾಡ್ತಿದೀರಿ," ಅಂದರು. ನಾನು ಬಳಪ ಎತ್ತೋ ಹೊತ್ತಿಗೆ ಅವರು ನಾಲ್ಕು ವಾಕ್ಯ ಮುಂದಿರುತ್ತಿದ್ದರು. ಹೀಗಾಗಿ ಆರು ವರ್ಷದಲ್ಲಿ ಮೊದಲ ಸಲ ಅವರ ಬೈಗುಳವನ್ನು ಬಾಲದವರೆಗೂ ಕೇಳಿದೆ. ಬಾಲದಲ್ಲಿ ಏನಿತ್ತು? ಕನ್ನಡಕ ಒರೆಸುತ್ತಾ, "ನನ್ನ ವಿದ್ಯಾರ್ಥಿಗಳಲ್ಲಿ ನೀವೊಬ್ಬರೇ ಮಕ್ಕಳ ಜೊತೆ ನೆಲದ ಮೇಲೆ ಕೂರೋದು. ಅದಕ್ಕೇ ಹೊಟ್ಟೆ ಉರಿಯುತ್ತೆ ನನಗೆ," ಅಂದರು.

ಇಷ್ಟು ವರ್ಷ ಇದನ್ನು ಯಾಕೆ ಹೇಳಿರಲಿಲ್ಲವೋ ಮಾರಾಯ್ತಿ!

ಸೆಪ್ಟೆಂಬರ್ 14, ಶನಿವಾರ

ಅಯ್ಯೋ. ಅಯ್ಯಯ್ಯೋ. ಅಯ್ಯಯ್ಯಯ್ಯೋ!

ಮಧ್ಯಾಹ್ನ ಊಟ ಮುಗಿಸಿ ನಾನೂ ಅಪ್ಪನೂ ಸುಮ್ಮನೆ ಕೂತಿದ್ದೆವು. ನನಗಂತೂ ಬೇರೆ ದಾರಿಯಿಲ್ಲ. ಅಪ್ಪ ಲೋಟ ತಿರುಗಿಸುತ್ತಾ, "ಪುಟ್ಟೀ, ನಾನು… ಬ… ಬ… ಬಟನ್…" ಅಂದ.

ಸ್ಲೇಟು ಮಿಷನ್ ಮೇಲಿತ್ತು, ಕೈಗೆ ಎಟುಕಲಿಲ್ಲ. ಎದ್ದು ಹೋಗೋಕೆ ಸೋಮಾರಿತನ. ಅಪ್ಪ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ. ಗೋಡೆ ಗಡಿಯಾರ ಟಿಕ್ ಟಿಕ್ ಅಂತು. ಅಪ್ಪನ ಕುತ್ತಿಗೆಯ ನರ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಆಮೇಲೆ ಬಂತು.

"ಬಟನ್ ಅಂ… ಅಂಗಡಿಯವರನ್ನ ಮದುವೆ ಆಗ್ಬೇಕು ಅಂತಿದೀನಿ."

ಮದುವೆ! ಅಪ್ಪ! ಅರವತ್ಮೂರು ವರ್ಷದ ಅಪ್ಪ! ಬಟನ್ ಬೇಕು ಅಂತ ಅಲ್ಲ, ಬಟನ್ ಅಂಗಡಿಯಮ್ಮ ಬೇಕು ಅಂತ! ನಾನೋ, ಮೂರು ತಿಂಗಳಿಂದ ಅದೇ ಅಂಗಡಿಗೆ ಹೋಗಿ, ಅದೇ ಅಮ್ಮನ ಕೈಯಿಂದ, ಡಜನ್‌ಗಟ್ಟಲೆ ಬಟನ್ ತರುತ್ತಿದ್ದೆ! ಆ ಹೆಂಗಸು ಪ್ರತಿ ಸಲ, "ಅಪ್ಪ ಏನಾದ್ರೂ ಹೇಳಿದ್ರಾ?" ಅಂತ ಕೇಳುತ್ತಿದ್ದರು. ನಾನು, "ಹ್ಞೂಂ, ಎರಡು ತೂತಿಂದಲ್ಲ, ನಾಲ್ಕು ತೂತಿಂದು ಕೊಡಿ," ಅನ್ನುತ್ತಿದ್ದೆ!

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬೇಕಂತೆ. ನಾನು ಒಂದು ನಿಜ ಹೇಳೋಕೆ ಬಿಡದೆ ಒಂದು ಮದುವೆ ತಡೆದಿದ್ದೆ.

ನಗು ತಡೆಯಲಾಗಲಿಲ್ಲ. ಸದ್ದಿಲ್ಲದ ನಗು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಕಣ್ಣಲ್ಲಿ ನೀರು, ಪಕ್ಕೆಯಲ್ಲಿ ನೋವು. ಅಪ್ಪ ಮೊದಲು ಗಾಬರಿಯಾದ, ಆಮೇಲೆ ಅವನೂ ನಕ್ಕ. ಅಪ್ಪನಿಗೆ ನಗುವಾಗ ಉಗ್ಗು ಬರೋದಿಲ್ಲ.

ಆಮೇಲೆ ನಿಧಾನವಾಗಿ ಒಂದೊಂದೇ ಹೇಳಿದ. ಆಕೆಯ ಗಂಡ ತೀರಿಕೊಂಡು ಒಂಬತ್ತು ವರ್ಷವಂತೆ. ಎರಡು ವರ್ಷದಿಂದ ಅಂಗಡಿಯಲ್ಲಿ ಮಾತುಕತೆಯಂತೆ. ಮಾತುಕತೆ! ಅಪ್ಪನದ್ದು! ಕೊನೆಗೆ, ಮೇಜಿನ ಅಂಚನ್ನು ಬೆರಳಲ್ಲಿ ಉಜ್ಜುತ್ತಾ, ಹೇಳಿದ: "ನಿಮ್ಮಮ್ಮ ಇದ್ದಾಗ ನನ್ನ ಮಾ… ಮಾತು ಮುಗಿಸ್ತಿರಲಿಲ್ಲ. ಕಾಯ್ತಿದ್ಲು. ನೀನು ಪ್ರೀತಿಯಿಂದಲೇ ಮುಗಿಸ್ತೀಯ. ಗೊತ್ತು ಕಣೇ. ಆದ್ರೆ ಕೆಲವು ಸಲ ನಾ… ನಾನು ಹೇಳಬೇಕಂತಿದ್ದದ್ದು ಅದಾಗಿರಲಿಲ್ಲ."

ಸೆಪ್ಟೆಂಬರ್ 15, ಭಾನುವಾರ

ಎಷ್ಟು ಸಲ? ಮೂವತ್ತು ವರ್ಷದಲ್ಲಿ ಎಷ್ಟು ಸಲ ಅದಾಗಿರಲಿಲ್ಲ?

ಅಂಗಿ ಬಟ್ಟೆಗಳನ್ನು ಮಡಿಸಿಟ್ಟೆ. ಬೇರೇನೂ ಬರೆಯೋಕೆ ಆಗ್ತಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಹಳೆಯ ವಿಡಿಯೋಗಳನ್ನು ಹಾಕಿಕೊಂಡು ಕೂತೆ. ಮೊದಲ ವಾರದ ಮೂವತ್ತೇಳು ಮಕ್ಕಳದ್ದು. ನನ್ನನ್ನೇ ನಾನು ನೋಡೋದು ಎಂಥ ಶಿಕ್ಷೆ! ಮೂಗಿನ ಮೇಲೆ ಜಾರುವ ಕನ್ನಡಕ, ಪಟಪಟ ಬಾಯಿ.

ನಿಯಮದ ಪ್ರಕಾರ ಪ್ರಶ್ನೆ ಕೇಳಿ ಮೂರು ಸೆಕೆಂಡ್ ಕಾಯಬೇಕು. ಉತ್ತರ ಬರದಿದ್ದರೆ 'ಉತ್ತರವಿಲ್ಲ'. ಸ್ಟಾಪ್‌ವಾಚ್ ಹಿಡಿದು ಅಳೆದೆ. ನಾನು ಕಾದದ್ದು ಸರಾಸರಿ ಮುಕ್ಕಾಲು ಸೆಕೆಂಡ್.

ಮುಕ್ಕಾಲು! ಕಣ್ಣು ಎರಡು ಸಲ ಮಿಟುಕಿಸೋಕೂ ಸಾಲದು!

ಮೂವತ್ತೊಂದನೆಯ ವಿಡಿಯೋವನ್ನು ನಿಧಾನವಾಗಿ ಓಡಿಸಿದೆ. ಮೇಣದಬತ್ತಿ. ನಾನು "ಯಾಕೆ ತೇಲ್ತು?" ಅಂತೀನಿ. ಜಡ್ಜಮ್ಮ ನೀರು ನೋಡ್ತಾಳೆ. ತುಟಿ ತೆರೆಯುತ್ತೆ. ನಿಜವಾಗಿ ತೆರೆಯುತ್ತೆ! ಅಷ್ಟರಲ್ಲಿ ನಾನು, "ಸರಿ, ಮುಂದಿಂದು." ತುಟಿ ಮುಚ್ಚುತ್ತೆ. ಹತ್ತು ಪ್ರಶ್ನೆಯಲ್ಲಿ ಏಳು ಸಲ ತೆರೆದಿತ್ತು. ಏಳೂ ಸಲ ನಾನು ಬಾಗಿಲು ಹಾಕಿದ್ದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಕ್ಕಳಿಗೆ ಬರೋದಿಲ್ಲ ಅಂತ ಬರೆದುಕೊಂಡಿದ್ದೆ, ಕೇಳೋಕೆ ಬರದವಳು.

ಇದು ಅನಾಹುತವೋ, ಸಂಶೋಧನೆಯೋ? ಎರಡೂ ಇರಬೇಕು.

ಸೆಪ್ಟೆಂಬರ್ 18, ಬುಧವಾರ

ಪೋಷಕರ ದೂರು! ಒಬ್ಬ ತಾಯಿ ಗೇಟಿನಲ್ಲೇ ಟೀಚರನ್ನು ತಡೆದು, "ಏನ್ ಹೇಳಿಕೊಡ್ತಿದೀರಿ ಇಲ್ಲಿ? ನಮ್ಮವಳು ಮನೆಗೆ ಬಂದವರದ್ದೆಲ್ಲ ಕುತ್ತಿಗೆ ಹಿಡೀತಾಳೆ!" ಅಂದರು. ಪಟಾಕಿಯ ತಾಯಿ, ಮತ್ತಿನ್ಯಾರು? 'ಖಾಲಿಯಾಗುತ್ತೆ' ಅನ್ನೋ ಅಜ್ಜನ ಸಿದ್ಧಾಂತವನ್ನು ಪರೀಕ್ಷಿಸೋಕೆ ಅವಳು ಸೋಮವಾರ ಇಡೀ ದಿನ ನಿಲ್ಲಿಸದೆ ಮಾತಾಡಿದ್ದಳಂತೆ. ನಿದ್ದೆ ಬರೋವರೆಗೂ. "ಖಾಲಿಯಾಗಲಿಲ್ಲ. ಸ್ವಲ್ಪ ಕೆರೀತು," ಅಂತ ವರದಿ ಒಪ್ಪಿಸಿದಳು. ಅಜ್ಜ ಅದನ್ನು ಕೇಳಿ ತಲೆಯಾಡಿಸಿ, "ಹಂಗಾದ್ರೆ ಖಾಲಿ ಅಲ್ಲ, ಸವೆಯುತ್ತೆ," ಅಂದ. ಡಾಕ್ಟರು ಕನ್ನಡಿ ಹಾಕಿ ನೋಡಿ ಹೇಳಿದ್ದಕ್ಕೂ ಇದಕ್ಕೂ ಎಷ್ಟು ದೂರ?

ಟೀಚರ್ ಆ ತಾಯಿಗೆ, "ನೀವೂ ಒಂದು ಸಲ ಹಿಡಿದು ನೋಡಿ," ಅಂದರು. ಆಕೆ ಗೇಟಿನಲ್ಲೇ ತನ್ನ ಕತ್ತಿಗೆ ಬೆರಳಿಟ್ಟು "ಆ" ಅಂದರು. "ಆಆ" ಅಂದರು. ಆಮೇಲೆ ದೂರು ಮರೆತು ಹೋದರು.

ಸೆಪ್ಟೆಂಬರ್ 20, ಶುಕ್ರವಾರ

ನಿನ್ನೆ ಡಾಕ್ಟರು ಕನ್ನಡಿ ಇಟ್ಟು ನೋಡಿ ಒಪ್ಪಿಗೆ ಕೊಟ್ಟರು. ಮೊದಲ ಸದ್ದನ್ನು ಶಿಶುವಿಹಾರಕ್ಕೆ ಉಳಿಸಿಕೊಂಡೆ. ಅವರ ಸಂಶೋಧನೆ, ಫಲಿತಾಂಶ ಅವರಿಗೇ ಮೊದಲು ಸಿಗಬೇಕು.

ನೆಲದ ಮೇಲೆ ಕೂತು ಕತ್ತು ಮುಂದೆ ಮಾಡಿದೆ. ಎಷ್ಟು ಬೆರಳು ಹಿಡಿಸುತ್ತೋ ಅಷ್ಟು ಬಂದವು. "ಆ," ಅಂದೆ. ಕೀರಲು, ಸಣ್ಣದು, ಆದರೆ ನನ್ನದೇ.

ಕೋಣೆಯೆಲ್ಲ ಚೀರಾಟ! "ಬಂತು! ಅಲ್ಲಾಡ್ತು!" ಪಟಾಕಿ ಮೇಜು ಹತ್ತಿದಳು. ಜಡ್ಜಮ್ಮ ಮಾತ್ರ ಬೆರಳು ತೆಗೆಯಲಿಲ್ಲ. ನಾನು ನೋಡುತ್ತಾ ಕೂತೆ. ಹೇಳಿದಳು: "ಎಲ್ಲೂ ಹೋಗಿರಲಿಲ್ಲ. ಇಲ್ಲೇ ಇತ್ತು. ಅಲ್ಲಾಡೋಕೆ ಆಗ್ತಿರಲಿಲ್ಲ."

ಟೀಚರ್ ತುರುಬಿನಿಂದ ಪೆನ್ಸಿಲ್ ತೆಗೆದು ಅದನ್ನು ಬರೆದುಕೊಂಡರು. ನಾನೂ ಬರೆದುಕೊಂಡೆ.

ಸಂಜೆ ಟೀಚರ್ ಕೇಳಿದರು, "ಏನ್ರೀ, ಧ್ವನಿ ಬಂದ ಮೇಲೂ ಸುಮ್ಮನಿದೀರಲ್ಲ ಇಡೀ ದಿನ?" ಗಂಟಲಿಗೆ ಇನ್ನೂ ಪೂರ್ತಿ ಬಲ ಬಂದಿಲ್ಲ ಅಂತ ಕಾಣುತ್ತೆ.

ಸೆಪ್ಟೆಂಬರ್ 22, ಭಾನುವಾರ

ಬಟನ್ ಅಂಗಡಿಗೆ ಹೋದೆವು, ಅಪ್ಪ, ನಾನು. ಆಕೆ ನನ್ನನ್ನು ನೋಡಿ ಕೆಂಪಾದರು. ಅಪ್ಪ ಅಂತೂ ಬೀಟ್‌ರೂಟು. ನಾನು, "ಅಪ್ಪ ಹೇಳಿದ್ರು," ಅಂದೆ. ಆಕೆ ಕೌಂಟರಿನ ಹಲಗೆ ಎತ್ತಿ ಒಳಗೆ ಕರೆದು ಚಹಾ ಕೊಟ್ಟರು.

ಅಪ್ಪ ಏನೋ ಹೇಳೋಕೆ ಹೊರಟು ಸಿಕ್ಕಿಕೊಂಡ. ಆಕೆ ಲೇಸು ಅಳೆಯೋದನ್ನು ಬಿಡಲಿಲ್ಲ, ಅವಸರ ಮಾಡಲಿಲ್ಲ, ಕರುಣೆಯಿಂದ ನೋಡಲೂ ಇಲ್ಲ. ಒಂದು ಮೀಟರು, ಎರಡು ಮೀಟರು. ಮೂರನೇ ಮೀಟರಿಗೆ ಅಪ್ಪನ ಮಾತು ಬಂತು. ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿದೆ ಅಂತ. ಅಷ್ಟೇ! "ಆಗಲಿ, ಇವತ್ತೊಂದಿನ," ಅಂದರು ಆಕೆ.

ಈ ಮನೆಯಲ್ಲಿ ಮೊದಲು ಮದುವೆ ಆಗೋದು ನಾನು ಅಂತ ನೆಂಟರೆಲ್ಲ ಕಾದಿದ್ದರು. ಅಪ್ಪ ಓವರ್‌ಟೇಕ್ ಮಾಡಿದ!

ಸೆಪ್ಟೆಂಬರ್ 27, ಶುಕ್ರವಾರ

ಸೆಮಿನಾರ್.

ಮೂವತ್ತೇಳು ಮಕ್ಕಳ ಅಂಕಿ ತೋರಿಸಿದೆ. ಆಮೇಲೆ ನನ್ನ ಮುಕ್ಕಾಲು ಸೆಕೆಂಡಿನ ಅಂಕಿ ತೋರಿಸಿ, "ಇದರಿಂದಾಗಿ ಮೊದಲಿನ ಅಂಕಿಯನ್ನು ನಾನೇ ನಂಬೋದಿಲ್ಲ," ಅಂದೆ. ಸಭೆಯಲ್ಲಿ ಯಾರೋ ಕೆಮ್ಮಿದರು. ಆಮೇಲೆ ಹೊಟ್ಟೆಯ ವಿಡಿಯೋ, ಕತ್ತಿನ ವಿಡಿಯೋ.

ದೀಪ ಹಾಕಿದ ಮೇಲೆ ಮೇಡಂ ಎದ್ದರು. "ಒಂದು ಶಾಲೆ, ಹತ್ತೊಂಬತ್ತು ಮಕ್ಕಳು, ಒಂದು ಅಕಸ್ಮಾತ್ತು. ಇಷ್ಟಕ್ಕೇ ಹದಿನೆಂಟು ವರ್ಷದ ಸಿದ್ಧಾಂತ ಬಿದ್ದುಹೋಗಬೇಕಾ?"

ಒಳ್ಳೆಯ ಪ್ರಶ್ನೆ. ನಿಜವಾಗಿ ಒಳ್ಳೆಯ ಪ್ರಶ್ನೆ ಅನ್ನಿಸಿತು. ಯೋಚಿಸುತ್ತಾ ನಿಂತೆ. ಮೇಡಂ ನನ್ನನ್ನೇ ನೋಡುತ್ತಿದ್ದರು. ನಾನೂ ಅವರನ್ನು ನೋಡುತ್ತಿದ್ದೆ. ಅವರು ಕನ್ನಡಕ ತೆಗೆದರು, ಮತ್ತೆ ಹಾಕಿದರು.

"ಆ ಚಿಕ್ಕದು, 'ಎಲ್ಲರ ಹೊಟ್ಟೇನೂ ಕೇಳಬೇಕು' ಅಂತಲ್ಲ," ಅಂದರು ಅವರೇ. "ಅದನ್ನ ಇನ್ನೊಂದ್ಸಲ ಹಾಕಿ."

ಹಾಕಿದೆ. ಮತ್ತೊಂದು ಸಲ ಹಾಕಿಸಿದರು. ಮೂರನೆಯ ಸಲ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಹೋಗಿ ಕೂತರು.

"ನಮ್ಮ ಹಳೆಯ ಟೇಪುಗಳೆಲ್ಲ ಕೆಳಗಿನ ಕೋಣೆಯಲ್ಲಿವೆ," ಅಂದರು, ಬೆನ್ನು ಹಾಕಿಕೊಂಡೇ. "ನಾನೆಷ್ಟು ಹೊತ್ತು ಕಾಯ್ತಿದ್ದೆ ಅಂತ ಯಾರೂ ಅಳೆದಿಲ್ಲ. ನೀವು ಅಳೀರಿ. ನನ್ನ ಮುಖ ನೋಡಬೇಡಿ. ಆಮೇಲೆ ಅರವತ್ತು ಮಕ್ಕಳನ್ನ ಹೊಸದಾಗಿ ನೋಡಿ. ಆರು ತಿಂಗಳು ಸಾಕಾ?"

"ಸಾಕು, ಮೇಡಂ."

ಸಹಿ! ಹಸಿರು ಇಂಕಿನ ಸಹಿ! ಮೆಟ್ಟಿಲನ್ನು ಎರಡೆರಡಾಗಿ ಇಳಿದೆ, ಕೊನೆಯ ಮೂರನ್ನು ಹಾರಿದೆ. ಮೇಡಂ ಮೂಡ್ ಇವತ್ತು ಚೆನ್ನಾಗಿತ್ತು. ಅದೃಷ್ಟ ಅಂದರೆ ಇದೇ. ನಾನಂತೂ ಬೆಪ್ಪಾಗಿ ನಿಂತುಬಿಟ್ಟಿದ್ದೆ, ಒಂದೂ ವಾದ ಮಾಡಲಿಲ್ಲ.

ಅಕ್ಟೋಬರ್ 30, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೆ ಮದುವೆ ನೋಂದಣಿ ಕಚೇರಿ. ಅಪ್ಪ ತಾನೇ ಹೊಲಿದ ಬೂದು ಕೋಟು ಹಾಕಿದ್ದ. ಆಕೆಯ ರವಿಕೆಯನ್ನೂ ಅವನೇ ಹೊಲಿದದ್ದು, ಹೀಗಾಗಿ ಇಬ್ಬರೂ ಅಪ್ಪನ ಕೈಕೆಲಸದೊಳಗೇ ಇದ್ದರು. ಟೀಚರ್ ಒಂದು ಸಾಕ್ಷಿ, ನಾನೊಂದು ಸಾಕ್ಷಿ, ಆಕೆಯ ಪಕ್ಕದ ಅಂಗಡಿಯವರು ಮೂರನೇ ಸಾಕ್ಷಿ. ಬೆಂಚು, ಕಡತದ ಬೀರು, ಸದ್ದು ಮಾಡೋ ಫ್ಯಾನು, ಹೊರಗೆ ಮುಂದಿನ ಮೂರು ಜೋಡಿ.

ಅಧಿಕಾರಿ ಪುಸ್ತಕ ತೆರೆದು ಮೊದಲು ಆಕೆಯನ್ನು ಕೇಳಿದರು. "ಒಪ್ಪಿಗೆ," ಅಂದರು ಆಕೆ, ಥಟ್ಟನೆ.

"ನಿಮ್ಮದು?"

ಅಪ್ಪ ಬಾಯಿ ತೆರೆದ. "ಒ… ಒ…"

ಸಿಕ್ಕಿಕೊಂಡಿತು. ನನಗೆ ಗೊತ್ತಿರೋ ಹಾಗೆ ಯಾವತ್ತಿಗಿಂತಲೂ ಗಟ್ಟಿಯಾಗಿ. ಅಧಿಕಾರಿ ಪೆನ್ನು ಕುಟ್ಟಿದರು. "ಒಪ್ಪಿಗೆ ಅಂತ ಬರ್ಕೊಳ್ಲಾ?" ಅಂದರು. ಅಪ್ಪ ಬೇಡ ಅನ್ನುವ ಹಾಗೆ ಕೈ ಎತ್ತಿದ. ಅಧಿಕಾರಿ ನನ್ನ ಕಡೆ ತಿರುಗಿ, "ಮಗಳಲ್ವಾ, ನೀವಾದ್ರೂ ಹೇಳಿಬಿಡಿ, ಹೊರಗೆ ಜನ ಕಾಯ್ತಿದಾರೆ," ಅಂದರು.

"ಅವರೇ ಹೇಳ್ತಾರೆ," ಅಂದೆ.

ಆ ಮನುಷ್ಯನಿಗೆ ಅದೇನು ಅವಸರವೋ! ಮದುವೆ ಏನು ದಿನಾ ಆಗುತ್ತಾ?

ಫ್ಯಾನು ಸುತ್ತಿತು. ಟೀಚರ್ ಮಡಿಲಲ್ಲಿ ಕೈ ಜೋಡಿಸಿಕೊಂಡು ಕೂತಿದ್ದರು. ಆಕೆ ಅಪ್ಪನ ಕೋಟಿನ ತೋಳಿನ ಮೇಲಿದ್ದ ನೂಲೆಳೆಯೊಂದನ್ನು ತೆಗೆದು ಬೆರಳಿಗೆ ಸುತ್ತಿಕೊಂಡರು. ಹೊರಗಿನ ಜೋಡಿಗಳಲ್ಲಿ ಯಾರೋ ಬಾಗಿಲಿಂದ ಇಣುಕಿ, ಏನಾಗ್ತಿದೆ ಅಂತ ಗೊತ್ತಾಗದೆ, ಅವರೂ ಸುಮ್ಮನೆ ನಿಂತರು.

"ಒಪ್ಪಿಗೆ," ಅಂದ ಅಪ್ಪ. ಉಸಿರು ತೆಗೆದುಕೊಂಡ. ಅಧಿಕಾರಿ ಬರೆಯೋಕೆ ಬಗ್ಗಿದರು. ಅಪ್ಪನದ್ದು ಇನ್ನೂ ಮುಗಿದಿರಲಿಲ್ಲ. "ಬರೀ ಒಪ್ಪಿಗೆ ಅಲ್ಲ ಸಾರ್. ತುಂಬಾ ಸಂ… ಸಂ… ಸಂತೋಷ ಅಂತ ಬರ್ಕೊಳ್ಳಿ."

ಅಧಿಕಾರಿ ತಲೆ ಎತ್ತಿದರು. "ಅದಕ್ಕೆ ಕಾಲಂ ಇಲ್ಲ ಸಾರ್ ಇದರಲ್ಲಿ."

ಅಪ್ಪ ಏನೂ ಹೇಳಲಿಲ್ಲ. ನಾವು ಯಾರೂ ಹೇಳಲಿಲ್ಲ. ಅಧಿಕಾರಿ ಅಪ್ಪನ ಮುಖ ನೋಡಿದರು, ಪುಸ್ತಕ ನೋಡಿದರು, ಬಾಗಿಲಲ್ಲಿ ನಿಂತವರನ್ನು ನೋಡಿದರು. ಆಮೇಲೆ ಪೆನ್ನು ಪಕ್ಕಕ್ಕಿಟ್ಟು, ಡ್ರಾಯರಿನಲ್ಲಿ ಹುಡುಕಿ ಒಂದು ತುಂಡು ಪೆನ್ಸಿಲ್ ತೆಗೆದು, ಅಪ್ಪನ ಹೆಸರಿನ ಪಕ್ಕ, ಪುಟದ ಅಂಚಿನಲ್ಲಿ, ಚಿಕ್ಕದಾಗಿ ಬರೆದುಕೊಂಡರು.